ಗುಂಪಿನ ಕೊನೆಯ ಎರಡು ಮ್ಯಾಚ್ ಒಂದೇ ಹೊತ್ತಿಗೆ ಯಾಕೆ?

ಪ್ರಶ್ನೆ: ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಗ್ರೂಪ್ ಹಂತದ ಮೊದಲೆರಡು ಸುತ್ತು ಒಂದಾದ ಮೇಲೆ ಒಂದು ಮ್ಯಾಚ್ ಬರುತ್ತೆ, ಆರಾಮಾಗಿ ನೋಡಬಹುದು. ಕೊನೆಯ ಸುತ್ತಿಗೆ ಬಂದಾಗ ಮಾತ್ರ ಒಂದೇ ಗುಂಪಿನ ಎರಡೂ ಮ್ಯಾಚ್ ಒಂದೇ ಹೊತ್ತಿಗೆ ಶುರುವಾಗುತ್ತೆ. ಒಂದನ್ನು ನೋಡಿದರೆ ಇನ್ನೊಂದು ತಪ್ಪಿಹೋಗುತ್ತೆ. ಇದರಿಂದ ನೋಡುವವರಿಗೆ ನಷ್ಟ ಅಲ್ವಾ? ಪಾಯಿಂಟ್ ಸಮ ಆದಾಗ ಯಾರು ಮುಂದೆ ಹೋಗ್ತಾರೆ, ಮೂರನೇ ಸ್ಥಾನದ ತಂಡ ಹೇಗೆ ಪಾರಾಗುತ್ತೆ ಅನ್ನೋದನ್ನೂ ಸ್ವಲ್ಪ ಬಿಡಿಸಿ ಹೇಳಿ. ಮನೇಲಿ ಒಂದೇ ಟಿವಿ ಇದ್ದರೆ ಯಾವುದನ್ನು ಹಾಕೋದು?

ಉತ್ತರ: ನಿಮ್ಮ ಬೇಜಾರು ಅರ್ಥವಾಗುತ್ತೆ. ಆದರೆ ಈ ನಿಯಮ ಸುಮ್ನೆ ಬಂದದ್ದಲ್ಲ. ಒಂದು ತಂಡಕ್ಕೆ ಆದ ಅನ್ಯಾಯದಿಂದ ಬಂದದ್ದು. ಆ ತಂಡ ಅಲ್ಜೀರಿಯಾ. ವರ್ಷ 1982, ಜಾಗ ಸ್ಪೇನ್‌ನ ಹಿಹೋನ್ ಅನ್ನೋ ಸಮುದ್ರದಂಡೆಯ ಊರು.

ಆ ವಿಶ್ವಕಪ್‌ನಲ್ಲಿ 24 ತಂಡ, ನಾಲ್ಕು ನಾಲ್ಕರಂತೆ ಆರು ಗುಂಪು, ಪ್ರತಿ ಗುಂಪಿನಿಂದ ಇಬ್ಬರು ಮುಂದೆ. ಎರಡನೇ ಗುಂಪಿನಲ್ಲಿ ಪಶ್ಚಿಮ ಜರ್ಮನಿ, ಆಸ್ಟ್ರಿಯಾ, ಅಲ್ಜೀರಿಯಾ, ಚಿಲಿ. ಜರ್ಮನಿ ಆಗ ಯುರೋಪಿನ ಚಾಂಪಿಯನ್. ಅಲ್ಜೀರಿಯಾಕ್ಕೆ ಅದೇ ಮೊದಲ ವಿಶ್ವಕಪ್. ಜೂನ್ 16ರಂದು ಇವರಿಬ್ಬರ ಮ್ಯಾಚ್. ಅಲ್ಜೀರಿಯಾದ ರಬಾ ಮಜೇರ್ ಮೊದಲ ಗೋಲು ಹೊಡೆದರು. ಜರ್ಮನಿಯ ರುಮೆನಿಗೆ ಅನ್ನೋ ಆಟಗಾರ ಸಮ ಮಾಡಿದರು. ಜರ್ಮನಿಯವರು ಉಸಿರು ಬಿಡುವಷ್ಟರಲ್ಲಿ, ಅಂದರೆ ಒಂದೇ ನಿಮಿಷದಲ್ಲಿ, ಲಖ್ದರ್ ಬೆಲ್ಲೂಮಿ ಮತ್ತೆ ಗೋಲು ಹೊಡೆದರು. 2-1. ವಿಶ್ವಕಪ್‌ನಲ್ಲಿ ಯುರೋಪಿನ ತಂಡವೊಂದನ್ನು ಆಫ್ರಿಕಾದ ತಂಡ ಸೋಲಿಸಿದ್ದು ಅದೇ ಮೊದಲು.

ಆಮೇಲೆ ಅಲ್ಜೀರಿಯಾ ಆಸ್ಟ್ರಿಯಾಗೆ 2-0 ಸೋತಿತು. ಜೂನ್ 24ರಂದು ಚಿಲಿಯನ್ನು 3-2ರಿಂದ ಸೋಲಿಸಿತು. ಅಲ್ಲಿಗೆ ಅವರ ಆಟ ಮುಗಿಯಿತು. ಆಗ ಗೆಲುವಿಗೆ ಎರಡೇ ಪಾಯಿಂಟ್, ಹಾಗಾಗಿ ಅವರ ಕೈಯಲ್ಲಿ ನಾಲ್ಕು ಪಾಯಿಂಟ್. ಜರ್ಮನಿ ಮತ್ತು ಆಸ್ಟ್ರಿಯಾ ಮ್ಯಾಚ್ ಮಾತ್ರ ಬಾಕಿ, ಅದೂ ಮರುದಿನಕ್ಕೆ.

ಆ ಒಂದು ರಾತ್ರಿಯಲ್ಲೇ ಎಲ್ಲ ಇದೆ. ಜರ್ಮನಿ ಆಸ್ಟ್ರಿಯಾ ಎರಡೂ ಕಡೆಯವರು ಕೂತು ಲೆಕ್ಕ ಹಾಕಬಹುದಿತ್ತು. ಜರ್ಮನಿ ಗೆಲ್ಲದಿದ್ದರೆ ಜರ್ಮನಿ ಮನೆಗೆ. ಜರ್ಮನಿ 3-0, 4-0 ಅಂತ ದೊಡ್ಡದಾಗಿ ಗೆದ್ದರೆ ಆಸ್ಟ್ರಿಯಾ ಮನೆಗೆ. ಒಂದು ಅಥವಾ ಎರಡು ಗೋಲಿನಿಂದ ಗೆದ್ದರೆ? ಇಬ್ಬರೂ ಮುಂದೆ, ಅಲ್ಜೀರಿಯಾ ಮನೆಗೆ.

ಹತ್ತನೇ ನಿಮಿಷದ ಹೊತ್ತಿಗೆ ಜರ್ಮನಿಯ ಹೋರ್ಸ್ಟ್ ಹ್ರುಬೆಶ್ ಗೋಲು ಹೊಡೆದರು. 1-0. ಎರಡೂ ತಂಡಕ್ಕೆ ಬೇಕಾದದ್ದು ಅಷ್ಟೇ. ಉಳಿದ ಎಂಬತ್ತು ನಿಮಿಷ, ಅದರಲ್ಲೂ ಎರಡನೇ ಅರ್ಧದಲ್ಲಿ, ಚೆಂಡು ಈ ಕಡೆಯಿಂದ ಆ ಕಡೆಗೆ, ಗೋಲ್‌ಕೀಪರ್ ಕೈಗೆ, ಮತ್ತೆ ಈ ಕಡೆಗೆ. ಅಡ್ಡ ಹೋಗಿ ಚೆಂಡು ಕಸಿಯುವವರು ಯಾರೂ ಇಲ್ಲ. ಅಲ್ಜೀರಿಯಾದ ಅಭಿಮಾನಿಗಳು ಗ್ಯಾಲರಿಯಿಂದ ನೋಟುಗಳನ್ನು ಎತ್ತಿ ತೋರಿಸಿದರು, ನೀವು ಮಾರಿಕೊಂಡಿದ್ದೀರಿ ಅಂತ. ಆಸ್ಟ್ರಿಯಾದ ಟಿವಿ ಕಾಮೆಂಟೇಟರ್ ತಮ್ಮದೇ ದೇಶದವರಿಗೆ ಟಿವಿ ಆಫ್ ಮಾಡಿ ಎಂದರು. ಹಿಹೋನ್‌ನ ಪತ್ರಿಕೆ ಆ ಮ್ಯಾಚಿನ ವರದಿಯನ್ನು ಅಪರಾಧ ಸುದ್ದಿಯ ಪುಟದಲ್ಲಿ ಹಾಕಿತು. ಅಲ್ಜೀರಿಯಾ ದೂರು ಕೊಟ್ಟಿತು. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ತಳ್ಳಿಹಾಕಿತು. ನಿಧಾನವಾಗಿ ಆಡಬಾರದು ಅಂತ ಯಾವ ನಿಯಮದಲ್ಲೂ ಇರಲಿಲ್ಲವಲ್ಲ.

ಇಲ್ಲಿ ಒಂದು ಲೆಕ್ಕ ನೋಡಿ, ನನಗೆ ಪ್ರತಿ ಸಲ ಹೊಟ್ಟೆ ಉರಿಯುತ್ತೆ. ಮೂವರಿಗೂ ನಾಲ್ಕು ನಾಲ್ಕು ಪಾಯಿಂಟ್. ಗೋಲು ಅಂತರ, ಅಂದರೆ ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟ ಗೋಲು ಕಳೆದರೆ ಬರೋದು, ಜರ್ಮನಿಗೆ +3, ಆಸ್ಟ್ರಿಯಾಗೆ +2, ಅಲ್ಜೀರಿಯಾಗೆ 0. ಹಿಂದಿನ ದಿನ ಚಿಲಿ ವಿರುದ್ಧ ಅಲ್ಜೀರಿಯಾ ಅರ್ಧ ಆಟಕ್ಕೆ 3-0 ಮುಂದಿತ್ತು. ಎರಡನೇ ಅರ್ಧದಲ್ಲಿ ಎರಡು ಗೋಲು ಬಿಟ್ಟುಕೊಟ್ಟಿತು. 3-0ನಲ್ಲೇ ಮುಗಿಸಿದ್ದರೆ ಅವರ ಅಂತರವೂ +2 ಆಗುತ್ತಿತ್ತು, ಹೊಡೆದ ಗೋಲು ಆಸ್ಟ್ರಿಯಾಕ್ಕಿಂತ ಜಾಸ್ತಿ, ಆಗ ಆ 1-0 ಆಸ್ಟ್ರಿಯಾಗೆ ಸಾಲುತ್ತಲೇ ಇರಲಿಲ್ಲ. ಹಾಗಂತ ತಪ್ಪು ಅಲ್ಜೀರಿಯಾದ್ದು ಅಂತ ಹೇಳೋಕೆ ನಾನು ಒಪ್ಪಲ್ಲ. ಅವರು ಆಡುವಾಗ ಎಷ್ಟು ಬೇಕು ಅಂತ ಅವರಿಗೆ ಗೊತ್ತಿರಲಿಲ್ಲ. ಮರುದಿನ ಆಡಿದವರಿಗೆ ಗೊತ್ತಿತ್ತು.

ಕೆಲವರು ಟೈ ಬಿಡಿಸುವ ನಿಯಮವೇ ಸರಿ ಇರಲಿಲ್ಲ ಅಂತಾರೆ. ಒಟ್ಟು ಗೋಲು ಅಂತರದ ಬದಲು ಸಮ ಬಂದ ತಂಡಗಳ ನಡುವಿನ ಮ್ಯಾಚ್ ಮಾತ್ರ ಲೆಕ್ಕ ಹಿಡಿದು ನೋಡಿ. ಮೂವರೂ ಒಂದೊಂದು ಗೆದ್ದಿದ್ದಾರೆ. ಆಸ್ಟ್ರಿಯಾ +1, ಜರ್ಮನಿ 0, ಅಲ್ಜೀರಿಯಾ -1. ಮತ್ತೆ ಅಲ್ಜೀರಿಯಾನೇ ಹೊರಗೆ. ಗೆಲುವಿಗೆ ಈಗಿನ ಹಾಗೆ ಮೂರು ಪಾಯಿಂಟ್ ಕೊಟ್ಟು ನೋಡಿ, ಅದೇ ಕತೆ. ಹೇಗೆ ತಿರುಗಿಸಿದರೂ ಅವರು ಉಳಿಯಲ್ಲ. ಉಳಿಸಬಹುದಾಗಿದ್ದದ್ದು ಒಂದೇ, ಎರಡೂ ಮ್ಯಾಚ್ ಒಂದೇ ಹೊತ್ತಿಗೆ ಇಡೋದು. ಆಗ ಹಿಹೋನ್‌ನಲ್ಲಿ ಆಡುವವರಿಗೆ ಚಿಲಿ ಮ್ಯಾಚಿನಲ್ಲಿ ಏನಾಗುತ್ತಿದೆ ಅನ್ನೋ ಭಯ ಇರುತ್ತಿತ್ತು. 3-0 ಇದ್ದದ್ದು 3-2 ಆಗಬಹುದು, 4-0 ಕೂಡ ಆಗಬಹುದು. ಭಯ ಇದ್ದಾಗ ಯಾರೂ ಎಂಬತ್ತು ನಿಮಿಷ ಸುಮ್ನೆ ಚೆಂಡು ತಳ್ಳಿಕೊಂಡು ನಿಲ್ಲಲ್ಲ.

1986ರ ವಿಶ್ವಕಪ್‌ನಿಂದ ಗುಂಪಿನ ಕೊನೆಯ ಎರಡು ಮ್ಯಾಚ್ ಒಟ್ಟಿಗೇ ಶುರುವಾಗುತ್ತವೆ. ಅಲ್ಜೀರಿಯಾ ನಾಕೌಟ್ ಹಂತ ತಲುಪಿದ್ದು 2014ರಲ್ಲಿ, 32 ವರ್ಷ ಆದ ಮೇಲೆ. ಎದುರಿಗೆ ಸಿಕ್ಕಿದ್ದು ಜರ್ಮನಿಯೇ. ಎಕ್ಸ್‌ಟ್ರಾ ಟೈಮ್‌ವರೆಗೂ ಕಾಡಿ 2-1ರಿಂದ ಸೋತರು.

ಇದು ದೊಡ್ಡ ಟೂರ್ನಿಗಳ ಮಾತು ಮಾತ್ರ ಅಂದುಕೊಳ್ಳಬೇಡಿ. ನಾನು ಊರ ಕಡೆ ಟೂರ್ನಿಗಳಲ್ಲಿ ಬಹಳ ವರ್ಷ ಪಾಯಿಂಟ್ ಪಟ್ಟಿ ಬರೆದಿದ್ದೇನೆ. ಅಲ್ಲಿ ಇರೋದು ಒಂದೇ ಮೈದಾನ, ಹಾಗಾಗಿ ಕೊನೆಯ ಮ್ಯಾಚ್‌ಗಳು ಒಂದರ ಹಿಂದೆ ಒಂದು. ಒಂದು ಸಲ ಕೊನೆಯ ಮ್ಯಾಚಿಗೆ ಡ್ರಾ ಆದರೆ ಎರಡೂ ತಂಡ ಸೆಮಿಫೈನಲ್‌ಗೆ ಅನ್ನೋ ಸ್ಥಿತಿ. ಬೆಳಿಗ್ಗೆ ಆಡಿ ಗೆದ್ದಿದ್ದ ಮೂರನೇ ತಂಡದ ಹುಡುಗರು ಕಾಂಪೌಂಡ್ ಗೋಡೆ ಮೇಲೆ ಕೂತಿದ್ದರು, ಸೆಮಿಫೈನಲ್ ಸಂಜೆಗೇ ಇದ್ದುದರಿಂದ ಬೂಟು ಕೂಡ ಬಿಚ್ಚಿರಲಿಲ್ಲ. ಹದಿನೈದು ನಿಮಿಷ ನೋಡಿದರು. ಆಮೇಲೆ ಒಬ್ಬೊಬ್ಬರೇ ಲೇಸ್ ಬಿಚ್ಚಿ ಬೂಟನ್ನು ಬ್ಯಾಗಿಗೆ ಹಾಕಿಕೊಂಡರು. ಕೂಗಾಡಲಿಲ್ಲ, ಬಯ್ಯಲೂ ಇಲ್ಲ. ಬೋರ್ಡಿನ ಮೇಲೆ ಚಾಕ್‌ಪೀಸಿನಲ್ಲಿ 0-0 ಬರೆಯುವಾಗ ನನಗೆ ಅವರ ಕಡೆ ನೋಡೋಕೆ ಆಗಲಿಲ್ಲ.

ಈಗ ಒಂದೇ ಹೊತ್ತಿಗೆ ಆಡಿಸುವ ನಿಯಮ ಎಂಥ ಆಟ ಕೊಟ್ಟಿದೆ ನೋಡಿ. 2022, ಕತಾರ್, ಇ ಗುಂಪು. ನಮಗೆ ಡಿಸೆಂಬರ್ 2ರ ಮಧ್ಯರಾತ್ರಿ 12.30. ಒಂದು ಕಡೆ ಜಪಾನ್ ಮತ್ತು ಸ್ಪೇನ್, ಇನ್ನೊಂದು ಕಡೆ ಜರ್ಮನಿ ಮತ್ತು ಕೋಸ್ಟರಿಕ. ಅರ್ಧ ಆಟಕ್ಕೆ ಸ್ಪೇನ್ ಜರ್ಮನಿ ಎರಡೂ ಮುಂದೆ, ಎಲ್ಲ ಅಂದುಕೊಂಡ ಹಾಗೇ. ಬಿಡುವಿನ ನಂತರ ಜಪಾನ್ ಮೂರು ನಿಮಿಷದಲ್ಲಿ ಎರಡು ಗೋಲು ಹೊಡೆಯಿತು. ಎರಡನೇ ಗೋಲಿಗೆ ಮುಂಚೆ ಚೆಂಡು ಗೆರೆ ದಾಟಿ ಹೊರಗೆ ಹೋಗಿತ್ತಾ ಅನ್ನೋದೇ ಪ್ರಶ್ನೆ. ಜಪಾನಿನ ಮಿತೋಮ ಗೆರೆಯ ಹತ್ತಿರದಿಂದ ಕಾಲು ಚಾಚಿ ಒಳಗೆ ತಳ್ಳಿದ್ದರು. ಪಕ್ಕದಿಂದ ನೋಡಿದರೆ ಹೊರಗೆ ಹೋದ ಹಾಗೇ ಕಾಣುತ್ತೆ, ಮೇಲಿನಿಂದ ತೆಗೆದ ಚಿತ್ರದಲ್ಲಿ ಚೆಂಡಿನ ಹೊಟ್ಟೆಯ ಅಂಚು ಗೆರೆಯ ಮೇಲೆ ಕೂದಲೆಳೆಯಷ್ಟು ಇದೆ. ಅಷ್ಟು ಸಾಕು, ಚೆಂಡು ಪೂರ್ತಿ ದಾಟಿದರೆ ಮಾತ್ರ ಹೊರಗೆ. ಗೋಲು ಕೊಟ್ಟರು. ಆ ಗೋಲು ಇಲ್ಲದೆ ಮ್ಯಾಚ್ 1-1 ಆಗಿದ್ದರೆ ಜಪಾನ್ ಜರ್ಮನಿ ಇಬ್ಬರಿಗೂ ನಾಲ್ಕು ಪಾಯಿಂಟ್ ಆಗಿ ಗೋಲು ಅಂತರದಲ್ಲಿ ಜರ್ಮನಿ ಪಾರಾಗುತ್ತಿತ್ತು. ಬೇರೊಂದು ಸ್ಟೇಡಿಯಂನಲ್ಲಿ 4-2ರಿಂದ ಗೆದ್ದ ತಂಡ, ಈ ಗೆರೆಯ ಮೇಲಿನ ಕೂದಲೆಳೆಯಿಂದ ಮನೆಗೆ ಹೋಯಿತು.

ನಡುವೆ, ಸುಮಾರು 70ನೇ ನಿಮಿಷದಿಂದ ಮೂರು ನಿಮಿಷ, ಕೋಸ್ಟರಿಕ 2-1 ಮುಂದಿತ್ತು. ಆ ಮೂರು ನಿಮಿಷ ಪಟ್ಟಿಯಲ್ಲಿ ಸ್ಪೇನ್ ಜರ್ಮನಿ ಎರಡೂ ಹೊರಗೆ! ಮೊದಲ ಮ್ಯಾಚಿನಲ್ಲಿ ಇದೇ ಸ್ಪೇನ್ ಇದೇ ಕೋಸ್ಟರಿಕಕ್ಕೆ ಏಳು ಗೋಲು ಹೊಡೆದಿತ್ತು. ಮ್ಯಾಚ್‌ಗಳನ್ನು ಒಂದಾದ ಮೇಲೆ ಒಂದು ಇಟ್ಟಿದ್ದರೆ ಈ ಮೂರು ನಿಮಿಷ ಇರುತ್ತಲೇ ಇರಲಿಲ್ಲ. ನೀವು ನಷ್ಟ ಅಂತ ಕೇಳಿದಿರಲ್ಲ, ನನ್ನ ಪ್ರಕಾರ ವಿಶ್ವಕಪ್‌ನ ಅತಿ ಒಳ್ಳೆಯ ಎರಡು ಗಂಟೆ ಇವೇ.

ಇನ್ನು ಪಾಯಿಂಟ್ ಸಮ ಆದಾಗಿನ ವಿಷಯ. ನಮ್ಮವರಿಗೆ ಇದು ಹೊಸತಲ್ಲ. ಐಪಿಎಲ್‌ನಲ್ಲಿ 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ 218 ಹೊಡೆದಾಗ ಚೆನ್ನೈಗೆ ಗೆಲ್ಲೋಕೆ 219 ಬೇಕಿತ್ತು, ರನ್‌ರೇಟ್ ಲೆಕ್ಕದಲ್ಲಿ ಪ್ಲೇಆಫ್‌ಗೆ ಹೋಗೋಕೆ 201 ಸಾಕಿತ್ತು. ಅದಕ್ಕೆ ಕೊನೆಯ ಓವರಿನಲ್ಲಿ 17 ರನ್ ಬೇಕಿತ್ತು, ಎಲ್ಲರ ತಲೆಯಲ್ಲೂ 201 ಅನ್ನೋ ಒಂದೇ ಅಂಕಿ. ಆದರೂ ಆಟ ಬೆಂಕಿಯ ಹಾಗಿತ್ತು, ಯಾಕಂದರೆ ಜಾಗ ಇದ್ದದ್ದು ಒಬ್ಬರಿಗೆ. ಹಿಹೋನ್‌ನಲ್ಲಿ ಜಾಗ ಇಬ್ಬರಿಗೂ ಇತ್ತು. ಲೆಕ್ಕ ಗೊತ್ತಿರೋದು ತಪ್ಪಲ್ಲ. ಲೆಕ್ಕ ಗೊತ್ತಿದ್ದು, ಇಬ್ಬರಿಗೂ ಅದೇ ಅಂಕಿ ಲಾಭ ಆದಾಗ ಆಟ ಸಾಯುತ್ತೆ.

ಫುಟ್‌ಬಾಲ್‌ನಲ್ಲಿ 2022ರ ವಿಶ್ವಕಪ್‌ವರೆಗೆ ಕ್ರಮ ಹೀಗಿತ್ತು. ಮೊದಲು ಗುಂಪಿನ ಎಲ್ಲ ಮ್ಯಾಚ್‌ಗಳ ಗೋಲು ಅಂತರ, ಆಮೇಲೆ ಹೊಡೆದ ಒಟ್ಟು ಗೋಲು, ಆಮೇಲೆ ಮುಖಾಮುಖಿ, ಅಂದರೆ ಸಮ ಬಂದ ತಂಡಗಳು ಪರಸ್ಪರ ಆಡಿದ ಮ್ಯಾಚಿನ ಫಲಿತಾಂಶ, ಅದೂ ಸಮ ಆದರೆ ತಪ್ಪು ಆಟಕ್ಕೆ ರೆಫರಿ ತೋರಿಸಿದ ಕಾರ್ಡ್‌ಗಳ ಲೆಕ್ಕ, ಕೊನೆಗೆ ಚೀಟಿ ಎತ್ತೋದು. 2026ಕ್ಕೆ ಫಿಫಾ ಇದನ್ನು ಬದಲಿಸಿದೆ. ಈಗ ಮೊದಲು ಮುಖಾಮುಖಿ, ಆಮೇಲೆ ಒಟ್ಟು ಗೋಲು ಅಂತರ ಮತ್ತು ಗೋಲು, ಆಮೇಲೆ ಕಾರ್ಡ್, ಕೊನೆಗೆ ಚೀಟಿಯ ಬದಲು ಫಿಫಾ ರ್‍ಯಾಂಕಿಂಗ್. ಯುರೋಪಿನ ದೇಶಗಳು ಆಡುವ ಯುರೋ ಟೂರ್ನಿಯಲ್ಲಿ ಮುಖಾಮುಖಿಗೆ ಮೊದಲ ಜಾಗ ಹಿಂದಿನಿಂದಲೂ ಇದೆ.

ಕಾರ್ಡ್ ಲೆಕ್ಕ ಸುಲಭ. ಹಳದಿಗೆ ಒಂದು ಕಳೆ, ಎರಡು ಹಳದಿಯಿಂದ ಬಂದ ಕೆಂಪಿಗೆ ಮೂರು, ನೇರ ಕೆಂಪಿಗೆ ನಾಲ್ಕು, ಹಳದಿಯ ಮೇಲೆ ನೇರ ಕೆಂಪು ಬಂದರೆ ಐದು. 2018ರಲ್ಲಿ ಇದರಿಂದಲೇ ಒಂದು ತಂಡ ಹೊರಗೆ ಹೋಯಿತು. ಜಪಾನ್ ಸೆನೆಗಲ್ ಇಬ್ಬರಿಗೂ ನಾಲ್ಕು ಪಾಯಿಂಟ್, ಇಬ್ಬರೂ ಹೊಡೆದದ್ದು ನಾಲ್ಕು ಗೋಲು, ಬಿಟ್ಟದ್ದು ನಾಲ್ಕು, ಪರಸ್ಪರ ಆಡಿದ ಮ್ಯಾಚ್ 2-2. ಹಳದಿ ಕಾರ್ಡ್ ಜಪಾನಿಗೆ ನಾಲ್ಕು, ಸೆನೆಗಲ್‌ಗೆ ಆರು. ಸೆನೆಗಲ್ ಮನೆಗೆ.

ಆ ದಿನ ಜಪಾನ್ ಕೂಡ ಕೊನೆಯ ಹತ್ತು ನಿಮಿಷ ಚೆಂಡನ್ನು ತಮ್ಮ ತಮ್ಮಲ್ಲೇ ತಳ್ಳಿಕೊಂಡು ನಿಂತಿತ್ತು, ಅದೂ ಪೋಲೆಂಡ್ ಎದುರು 1-0 ಸೋಲುತ್ತಾ. ಜನ ಸ್ಟೇಡಿಯಂನಲ್ಲಿ ಕೂಗಿ ಬೈದರು. ಇದೂ ಹಿಹೋನ್ ತರಾನೇ ಅಲ್ವಾ ಅಂತ ನನ್ನನ್ನು ಬಹಳ ಜನ ಕೇಳಿದ್ದಾರೆ. ಅಲ್ಲ. ಕೋಚ್ ನಿಶಿನೊ ಆಗ ನಂಬಿಕೊಂಡಿದ್ದು ಸಮಾರಾದಲ್ಲಿ ನಡೆಯುತ್ತಿದ್ದ ಇನ್ನೊಂದು ಮ್ಯಾಚನ್ನು. ಅಲ್ಲಿ ಕೊಲಂಬಿಯಾ ಸೆನೆಗಲ್ ವಿರುದ್ಧ 1-0 ಮುಂದಿತ್ತು. ಸೆನೆಗಲ್ ಒಂದೇ ಒಂದು ಗೋಲು ಹೊಡೆದಿದ್ದರೂ ಜಪಾನ್ ಹೊರಗೆ, ಮತ್ತೆ ಏನು ಮಾಡೋಕೂ ಟೈಮ್ ಇರಲ್ಲ. ನೋಡೋಕೆ ಚೆನ್ನಾಗಿರಲಿಲ್ಲ, ನನಗೂ ಇಷ್ಟವಾಗಲಿಲ್ಲ. ಆದರೆ ಅವರು ತಮ್ಮ ಕತ್ತನ್ನೇ ಪಣಕ್ಕಿಟ್ಟಿದ್ದರು. ಹಿಹೋನ್‌ನಲ್ಲಿ ಯಾರೂ ಏನನ್ನೂ ಪಣಕ್ಕಿಟ್ಟಿರಲಿಲ್ಲ.

ಹಾಗಂತ ಒಂದೇ ಹೊತ್ತಿಗೆ ಇಟ್ಟರೆ ಎಲ್ಲ ಸರಿಹೋಯಿತಾ? ಇಲ್ಲ. 2004ರ ಯುರೋದಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ ಕೊನೆಯ ಮ್ಯಾಚ್. ಇಟಲಿ ಇವರಿಬ್ಬರ ಜೊತೆಗೂ ಡ್ರಾ ಮಾಡಿಕೊಂಡಿತ್ತು, 0-0 ಮತ್ತು 1-1. ಅಲ್ಲಿ ಮುಖಾಮುಖಿಯೇ ಮೊದಲು, ಅದೂ ಸಮ ಆದರೆ ಆ ಮ್ಯಾಚ್‌ಗಳಲ್ಲಿ ಹೊಡೆದ ಗೋಲು. ಹಾಗಾಗಿ ಡೆನ್ಮಾರ್ಕ್ ಸ್ವೀಡನ್ 2-2 ಅಥವಾ ಅದಕ್ಕಿಂತ ಜಾಸ್ತಿ ಗೋಲಿನ ಡ್ರಾ ಮಾಡಿಕೊಂಡರೆ ಇಟಲಿ ಬಲ್ಗೇರಿಯಾಕ್ಕೆ ಹತ್ತು ಗೋಲು ಹೊಡೆದರೂ ಪ್ರಯೋಜನ ಇಲ್ಲ. ಇಟಲಿ ಕೊನೆ ಗಳಿಗೆಯಲ್ಲಿ 2-1ರಿಂದ ಗೆದ್ದಿತು. ಆ ಕಡೆ 89ನೇ ನಿಮಿಷದಲ್ಲಿ ಸ್ವೀಡನ್ ಗೋಲು ಹೊಡೆದು 2-2 ಮಾಡಿತ್ತು. ಬೇಕೆಂದೇ ಮಾಡಿದರು ಅಂತ ನಾನು ಹೇಳಲ್ಲ, ಆ ಮ್ಯಾಚಿನ ಗೋಲುಗಳು ನಿಜವಾದ ಗೋಲುಗಳೇ. ನಾನು ಹೇಳೋದು ಇಷ್ಟೇ: ಮುಖಾಮುಖಿಯನ್ನು ಮೊದಲಿಟ್ಟರೆ, ಇನ್ನೊಂದು ಮೈದಾನದಲ್ಲಿ ಏನಾದರೂ ಆಗಲಿ ನಮಗೆ ಇಷ್ಟು ಸಾಕು ಅನ್ನೋ ಸ್ಕೋರ್ ಮೊದಲೇ ಗೊತ್ತಾಗಿಬಿಡಬಹುದು. ಒಟ್ಟು ಗೋಲು ಅಂತರದಲ್ಲಿ ಆ ಖಾತ್ರಿ ಕಡಿಮೆ. ಅದಕ್ಕೇ ಫಿಫಾದ ಹೊಸ ಕ್ರಮ ನನಗೆ ಅಷ್ಟಾಗಿ ಹಿಡಿಸಿಲ್ಲ.

ಮೂರನೇ ಸ್ಥಾನದ್ದು ಇನ್ನೂ ದೊಡ್ಡ ವಿಷಯ. 2026ರಿಂದ 48 ತಂಡ, 12 ಗುಂಪು. ಪ್ರತಿ ಗುಂಪಿನಿಂದ ಇಬ್ಬರು, ಜೊತೆಗೆ 12 ಮೂರನೇ ಸ್ಥಾನದವರಲ್ಲಿ ಒಳ್ಳೆಯ ಎಂಟು ತಂಡ, ಒಟ್ಟು 32. ಮೊದಲು ಮೂರು ಮೂರು ತಂಡದ 16 ಗುಂಪು ಮಾಡುವ ಯೋಚನೆ ಇತ್ತು. ಮೂರೇ ತಂಡ ಇದ್ದರೆ ಕೊನೆಯ ಮ್ಯಾಚಿನ ದಿನ ಒಂದು ತಂಡ ಸುಮ್ನೆ ಕೂತಿರಬೇಕು, ಅಂದರೆ ಪ್ರತಿ ಗುಂಪಿನಲ್ಲೂ ಒಂದು ಅಲ್ಜೀರಿಯಾ. ಪುಣ್ಯಕ್ಕೆ ಕತಾರ್‌ನಲ್ಲಿ ನಾಲ್ಕರ ಗುಂಪಿನ ಕೊನೆಯ ದಿನಗಳು ಹೇಗಿರುತ್ತವೆ ಅಂತ ಎಲ್ಲರೂ ನೋಡಿದ ಮೇಲೆ 2023ರ ಮಾರ್ಚ್‌ನಲ್ಲಿ ಫಿಫಾ ಅದನ್ನು ಕೈಬಿಟ್ಟಿತು.

ಆದರೆ ಮೂರನೇ ಸ್ಥಾನದ ಪಟ್ಟಿಯಲ್ಲಿ ಹಳೇ ತೊಂದರೆ ಹಿಂಬಾಗಿಲಿನಿಂದ ಬರುತ್ತೆ. 2026ರಲ್ಲಿ ಎ, ಬಿ, ಸಿ ಗುಂಪುಗಳ ಕೊನೆಯ ಮ್ಯಾಚ್ ಜೂನ್ 24ಕ್ಕೆ, ಜೆ, ಕೆ, ಎಲ್ ಗುಂಪುಗಳದ್ದು ಜೂನ್ 27ಕ್ಕೆ. ಕೊನೆಯಲ್ಲಿ ಆಡುವವರಿಗೆ ಎಷ್ಟು ಪಾಯಿಂಟ್ ಎಷ್ಟು ಗೋಲು ಸಾಕು ಅಂತ ಗೊತ್ತಿರುತ್ತೆ. ಮೊದಲು ಆಡಿದವರು ಮೂರು ದಿನ ಹೋಟೆಲ್‌ನಲ್ಲಿ ಕೂತು ಕಾಯಬೇಕು. 2024ರ ಯುರೋದಲ್ಲಿ ಹಂಗೇರಿಗೆ ಹೀಗೇ ಆಯಿತು. ಸ್ಕಾಟ್ಲೆಂಡ್ ವಿರುದ್ಧ ನೂರನೇ ನಿಮಿಷದಲ್ಲಿ ಗೋಲು ಹೊಡೆದು ಗೆದ್ದರು, ಕುಣಿದರು. ಮೂರು ದಿನ ಕಾದರು. ಜಾರ್ಜಿಯಾ ಪೋರ್ಚುಗಲ್‌ನ್ನು 2-0 ಸೋಲಿಸಿದಾಗ ಹೊರಗೆ ಬಿದ್ದರು. ಅದೇ ದಿನ ರೊಮೇನಿಯಾ ಸ್ಲೊವಾಕಿಯಾ ಮ್ಯಾಚಿಗೆ ಡ್ರಾ ಆದರೆ ಇಬ್ಬರಿಗೂ ಸಾಕಿತ್ತು, ಮ್ಯಾಚ್ ಮುಗಿದದ್ದೂ 1-1. ಉಕ್ರೇನ್ ನಾಲ್ಕು ಪಾಯಿಂಟ್ ಇಟ್ಟುಕೊಂಡು ಗುಂಪಿನಲ್ಲಿ ಕೊನೆಯ ಸ್ಥಾನ. ನಾಲ್ಕೂ ತಂಡಕ್ಕೆ ನಾಲ್ಕು ನಾಲ್ಕು ಪಾಯಿಂಟ್ ಇದ್ದ ಗುಂಪು ಅದು.

ನೀವು ಮನೇಲಿ ಲೆಕ್ಕ ಹಾಕೋಕೆ ಒಂದು ಅಂದಾಜು ಹೇಳ್ತೀನಿ. ಯುರೋದಲ್ಲಿ 2016ರಿಂದ ಆರು ಗುಂಪಿನ ಮೂರನೆಯವರಲ್ಲಿ ನಾಲ್ವರು ಹೋಗ್ತಾರೆ, ಅಂದರೆ ಇದೇ ಪ್ರಮಾಣ. ಅಲ್ಲಿ ನಾಲ್ಕು ಪಾಯಿಂಟ್ ಇದ್ದ ಮೂರನೆಯವರು ಯಾರೂ ಹೊರಗೆ ಉಳಿದಿಲ್ಲ. ಮೂರು ಪಾಯಿಂಟ್ ಇದ್ದರೆ ಎಲ್ಲ ಗೋಲು ಅಂತರದ ಮೇಲೆ. 2016ರಲ್ಲಿ ಪೋರ್ಚುಗಲ್ ಮೂರೂ ಮ್ಯಾಚ್ ಡ್ರಾ ಮಾಡಿ, ಮೂರು ಪಾಯಿಂಟ್ ಮತ್ತು ಸೊನ್ನೆ ಅಂತರದಲ್ಲಿ ಪಾರಾಯಿತು. ಕೊನೆಗೆ ಕಪ್ಪನ್ನೇ ಎತ್ತಿತು. ಒಂದು ಮ್ಯಾಚ್ ಗೆದ್ದಿದ್ದ ಅಲ್ಬೇನಿಯಾ ಅದೇ ಮೂರು ಪಾಯಿಂಟ್ ಇದ್ದರೂ -2 ಅಂತರದಿಂದ ಮನೆಗೆ ಹೋಯಿತು. ಅದಕ್ಕೇ, 3-0 ಸೋಲುತ್ತಿರುವ ತಂಡ 85ನೇ ನಿಮಿಷದಲ್ಲಿ ಒಂದು ಗೋಲಿಗೆ ಒದ್ದಾಡುವುದನ್ನು ನೋಡಿ ಇನ್ನೇನು ಉಪಯೋಗ ಅನ್ನಬೇಡಿ.

ನಮ್ಮ ದೇಶವೂ ಈ ನೋವು ಉಂಡಿದೆ. 2019ರ ಏಷ್ಯನ್ ಕಪ್, ಜನವರಿ 14, ಶಾರ್ಜಾ. ಸುನಿಲ್ ಚೆಟ್ರಿಯ ಎರಡು ಗೋಲಿನ ಜೊತೆ ಥಾಯ್ಲೆಂಡನ್ನು 4-1ರಿಂದ ಸೋಲಿಸಿದ್ದ ಭಾರತಕ್ಕೆ ಬಹ್ರೇನ್ ವಿರುದ್ಧ ಡ್ರಾ ಸಾಕಿತ್ತು. ತೊಂಬತ್ತು ನಿಮಿಷ ಹೇಗೋ ತಡೆದರು. ಗೋಲ್‌ಕೀಪರ್ ಗುರ್‌ಪ್ರೀತ್ ಎಷ್ಟು ಸಲ ಎಗರಿ ಬಿದ್ದರೋ. 91ನೇ ನಿಮಿಷದಲ್ಲಿ ಪೆನಾಲ್ಟಿ. ಗೋಲು. ಇನ್ನೊಂದು ಮೈದಾನದಲ್ಲಿ ಯುಎಇ ಥಾಯ್ಲೆಂಡ್ 1-1 ಮಾಡಿಕೊಂಡಿದ್ದವು. ಡ್ರಾ ಉಳಿದಿದ್ದರೆ ಮುಖಾಮುಖಿಯಲ್ಲಿ ಥಾಯ್ಲೆಂಡನ್ನು ಹಿಂದೆ ಹಾಕಿ ಭಾರತ ಗುಂಪಿನಲ್ಲಿ ಎರಡನೇ ಸ್ಥಾನ. ಆ ಒಂದು ಪೆನಾಲ್ಟಿಯಿಂದ ನಾಲ್ಕನೇ ಸ್ಥಾನ, ಮೂರನೆಯವರ ಪಟ್ಟಿಗೂ ಸೇರಲಿಲ್ಲ.

ಕೊನೆಯದಾಗಿ ನಿಮ್ಮ ಒಂದೇ ಟಿವಿಯ ಪ್ರಶ್ನೆ. ಮ್ಯಾಚ್ ಶುರುವಾಗುವ ಮುಂಚೆ ಒಂದು ಹಾಳೆ ತಗೊಂಡು ನಾಲ್ಕು ತಂಡದ ಪಾಯಿಂಟ್, ಗೋಲು ಅಂತರ, ಹೊಡೆದ ಗೋಲು ಬರೆದುಕೊಳ್ಳಿ. ಪ್ರತಿ ಗೋಲಿಗೂ ಹೊಡೆದು ಹಾಕಿ ಹೊಸದು ಬರೆಯಿರಿ, ಮಕ್ಕಳಿದ್ದರೆ ಈ ಕೆಲಸ ಅವರಿಗೇ ಕೊಡಿ. ಟಿವಿಯಲ್ಲಿ ಹಾಕಬೇಕಾದ್ದು ಗೆಲ್ಲಲೇಬೇಕಾದ ತಂಡ ಆಡುವ ಮ್ಯಾಚ್, ದೊಡ್ಡ ಹೆಸರಿನದ್ದಲ್ಲ. ಇನ್ನೊಂದನ್ನು ಮೊಬೈಲಿನಲ್ಲಿ ಹಾಕಿ ಪಕ್ಕಕ್ಕೆ ಒರಗಿಸಿಡಿ. 2022ರಲ್ಲಿ ದಕ್ಷಿಣ ಕೊರಿಯಾ ಪೋರ್ಚುಗಲ್‌ನ್ನು 91ನೇ ನಿಮಿಷದ ಗೋಲಿನಿಂದ 2-1 ಸೋಲಿಸಿದಾಗ ಘಾನಾ ವಿರುದ್ಧ 2-0 ಮುಂದಿದ್ದ ಉರುಗ್ವೆಯ ಮ್ಯಾಚ್ ಇನ್ನೂ ನಡೆಯುತ್ತಿತ್ತು. ಉರುಗ್ವೆ ಇನ್ನೊಂದು ಗೋಲು ಹೊಡೆದರೆ ಕೊರಿಯಾ ಹೊರಗೆ. ಕೊರಿಯಾದ ಆಟಗಾರರು ಮೈದಾನದ ನಡುವೆಯೇ ಗುಂಪಾಗಿ ನಿಂತು, ಬೆವರು ಕೂಡ ಒರೆಸಿಕೊಳ್ಳದೆ, ಒಂದು ಪುಟ್ಟ ಮೊಬೈಲಿನಲ್ಲಿ ಆ ಕೊನೆಯ ನಿಮಿಷಗಳನ್ನು ನೋಡುತ್ತಿದ್ದರು.